ಅಪ್ಪನ ಎದೆಬಡಿತದ ಏರುಪೇರಿಗೆ ಸಣ್ಣ ತೂತಿನ ಆಪರೇಷನ್ ಮಾಡಿಸಬಹುದಾ?

ಸಾಗರದ_ತೋಟ

ಎಲ್ಲರಿಗೂ ನಮಸ್ಕಾರ. ಅಪ್ಪನ ವಿಷಯ ಕೇಳಬೇಕಿತ್ತು. ವಯಸ್ಸು 67. ಸಾಗರದ ಹತ್ತಿರ ಹಳ್ಳಿ, ಅಡಿಕೆ ತೋಟ. ಬಿಪಿ ಇದೆ, ಶುಗರ್ ಇಲ್ಲ. ಹರ್ನಿಯಾ ಆಪರೇಷನ್‌ಗೆ ಮುಂಚೆ ಇಸಿಜಿ ಮಾಡಿದಾಗ ಬಡಿತ ಅಡ್ಡಾದಿಡ್ಡಿ ಇರುವುದು ಗೊತ್ತಾಯಿತು. ಏಟ್ರಿಯಲ್ ಫಿಬ್ರಿಲೇಶನ್ (ಎಎಫ್) ಅಂದರು. ಅಪ್ಪ ಅಲ್ಲಿಯವರೆಗೆ "ವಯಸ್ಸಾಯ್ತು, ಗುಡ್ಡ ಹತ್ತಿದರೆ ಏದುಸಿರು ಬರುತ್ತೆ" ಅಂತ ಸುಮ್ನೆ ಇದ್ದರು.

ಶಿವಮೊಗ್ಗದಲ್ಲಿ ಬಡಿತ ಸರಿ ಮಾಡಲು ಅಮಿಯೊಡಾರೋನ್ ಮಾತ್ರೆ ಕೊಟ್ಟರು. ಥೈರಾಯ್ಡ್ ಏರುಪೇರಾಯಿತು ಅಂತ ನಿಲ್ಲಿಸಿದರು. ಆಮೇಲೆ ಶಾಕ್ ಕೊಟ್ಟು ಬಡಿತ ಸರಿ ಮಾಡಿದರು. ಅದು ಚೆನ್ನಾಗಿಯೇ ಇತ್ತು, ಆ ಕೆಲವು ವಾರ ಅಪ್ಪ ಕೆಳಗಿನ ತೋಟದಿಂದ ಮನೆಗೆ ಎಲ್ಲೂ ಕೂರದೆ ಹತ್ತಿ ಬರುತ್ತಿದ್ದರು, ಆದರೆ ಮಳೆಗಾಲ ಶುರುವಾಗುವ ಹೊತ್ತಿಗೆ ಮತ್ತೆ ಅದೇ ಕಥೆ. ಈಗ ಬಡಿತ ನಿಧಾನ ಮಾಡಲು ಮೆಟೊಪ್ರೊಲಾಲ್ ಮತ್ತು ರಕ್ತ ತೆಳು ಮಾಡಲು ಅಪಿಕ್ಸಾಬಾನ್ ಇದೆ. ಎಕೋದಲ್ಲಿ ವಾಲ್ವ್ ಸರಿ ಇದೆ, ಸ್ವಲ್ಪ ಲೀಕ್ ಅಷ್ಟೇ. ಪಂಪಿಂಗ್ 55. ಎಡಗಡೆ ಮೇಲಿನ ಕೋಣೆ 47 ಮಿಲಿಮೀಟರ್, ದೊಡ್ಡದಾಗಿದೆ ಅಂತ ಬರೆದಿದ್ದಾರೆ.

ಅಪ್ಪನಿಗೆ ಕೋಪ ಇರುವುದು ರಕ್ತ ತೆಳು ಮಾಡುವ ಮಾತ್ರೆಯ ಮೇಲೆ. ತೋಟದ ಕೆಲಸ ಅಂದ ಮೇಲೆ ಕತ್ತಿ ತಾಗುತ್ತದೆ, ಮಳೆಗಾಲದಲ್ಲಿ ಉಂಬಳ ಕಚ್ಚಿದ ಜಾಗ ಸಂಜೆವರೆಗೂ ಸೋರುತ್ತಲೇ ಇರುತ್ತದೆ. ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಪರಿಚಯದವರೊಬ್ಬರಿಗೆ ಎದೆಯ ಎರಡೂ ಪಕ್ಕಕ್ಕೆ ಸಣ್ಣ ತೂತು ಮಾಡಿ "ಮಿನಿ ಮೇಜ್" ಅಂತ ಆಪರೇಷನ್ ಮಾಡಿದರಂತೆ. ಮಾತ್ರೆ ಎಲ್ಲಾ ನಿಂತಿತಂತೆ. ಇದನ್ನು ಕೇಳಿದ ದಿನದಿಂದ ಅಪ್ಪ "ಒಂದು ಸಲ ಕೊಯ್ಸಿ ಮುಗಿಸು ಮಾರಾಯ" ಅನ್ನುತ್ತಿದ್ದಾರೆ.

ಕೇಳಬೇಕಿರುವುದು ಇಷ್ಟು. ಆ ಮಿನಿ ಮೇಜ್ ನಮ್ಮ ಕರ್ನಾಟಕದಲ್ಲಿ ಮಾಡುತ್ತಾರಾ? ತೊಡೆಯಿಂದ ವೈರ್ ಹಾಕಿ ಮಾಡುವ ಅಬ್ಲೇಶನ್‌ಗಿಂತ ಅದು ಒಳ್ಳೆಯದಾ? ಆದ ಮೇಲೆ ತೆಳು ಮಾಡುವ ಮಾತ್ರೆ ನಿಲ್ಲಿಸಬಹುದಾ? ಮತ್ತೆ ಕೊನೆಕೊಯ್ಲು ಶುರುವಾಗುವುದರೊಳಗೆ ಅಪ್ಪ ಓಡಾಡುವ ಹಾಗೆ ಆಗುತ್ತಾರಾ? ಖರ್ಚಿನ ಅಂದಾಜು ಇದ್ದವರು ಅದನ್ನೂ ಹೇಳಿ.

ಕ್ಯಾಥ್‌ಲ್ಯಾಬ್_ಕಿಟ್ಟಿ

ನಾನು ಡಾಕ್ಟರ್ ಅಲ್ಲ, ಬೆಂಗಳೂರಿನಲ್ಲಿ ಕ್ಯಾಥ್ ಲ್ಯಾಬ್ (ರಕ್ತನಾಳದ ಮೂಲಕ ಹೃದಯದ ಚಿಕಿತ್ಸೆ ಮಾಡುವ ಕೋಣೆ) ಟೆಕ್ನಿಷಿಯನ್. ಈ ಕೇಸುಗಳ ಪಕ್ಕದಲ್ಲೇ ನಿಂತು ಕೆಲಸ ಮಾಡುವವನು. ಆ ಮಟ್ಟಿಗೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

"ಸಣ್ಣ ತೂತಿನ ಆಪರೇಷನ್" ಅಂತ ಜನ ಮೂರು ಬೇರೆ ಬೇರೆ ಕೆಲಸಕ್ಕೆ ಹೇಳುತ್ತಾರೆ. ಅಲ್ಲೇ ಗೊಂದಲ ಶುರು.

ಮೊದಲನೆಯದು ಕ್ಯಾಥೆಟರ್ ಅಬ್ಲೇಶನ್. ಇದರಲ್ಲಿ ಎದೆಗೆ ಕೈ ಹಾಕುವುದೇ ಇಲ್ಲ. ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ಅನ್ನುವ ತೆಳ್ಳಗಿನ ನಳಿಗೆ ಹೃದಯಕ್ಕೆ ಹೋಗುತ್ತದೆ, ಬಲಗಡೆಯಿಂದ ಎಡಗಡೆಗೆ ನಡುಗೋಡೆಯಲ್ಲಿ ಚಿಕ್ಕ ರಂಧ್ರ ಮಾಡಿ ದಾಟುತ್ತದೆ. ಶ್ವಾಸಕೋಶದಿಂದ ರಕ್ತ ತರುವ ನಾಳಗಳು, ಸಾಮಾನ್ಯವಾಗಿ ನಾಲ್ಕು, ಎಡ ಮೇಲಿನ ಕೋಣೆಗೆ ಬಂದು ಸೇರುತ್ತವಲ್ಲ, ಅವುಗಳ ಬಾಯಿ ಸುತ್ತ ಸುಟ್ಟು ಅಥವಾ ತಣ್ಣಗೆ ಹೆಪ್ಪುಗಟ್ಟಿಸಿ ಗಾಯದ ಗೆರೆ ಎಳೆಯುತ್ತಾರೆ. ತಪ್ಪು ಕರೆಂಟು ಬಹಳಷ್ಟು ಆ ನಾಳಗಳ ಒಳಗಿಂದಲೇ ಹುಟ್ಟುತ್ತದೆ ಅಂತ 1998ರಲ್ಲಿ ಫ್ರಾನ್ಸ್‌ನ ಬೋರ್ಡೋದ ಹೈಸಗೇರ್ ಮತ್ತವರ ತಂಡ ತೋರಿಸಿತು. ಗದ್ದೆಗೆ ಬದು ಹಾಕಿದರೆ ನೀರು ಆಚೆ ಹೋಗುವುದಿಲ್ಲವಲ್ಲ, ಗಾಯದ ಗೆರೆಯ ಕೆಲಸವೂ ಅಷ್ಟೇ.

ಎರಡನೆಯದು ನಿಮ್ಮ ಚಿಕ್ಕಪ್ಪ ಹೇಳಿದ್ದು. ಇದರ ಮೂಲ 1987. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೇಮ್ಸ್ ಕಾಕ್ಸ್ ಅನ್ನುವ ಸರ್ಜನ್ ಎದೆ ತೆರೆದು, ಮೇಲಿನ ಕೋಣೆಗಳನ್ನು ಕತ್ತರಿಸಿ ಹೊಲಿದು, ಕರೆಂಟು ಒಂದೇ ದಾರಿಯಲ್ಲಿ ಹೋಗುವ ಹಾಗೆ ಮಾಡಿದರು. ಅದೇ ಮೇಜ್, ಇಂಗ್ಲಿಷಿನಲ್ಲಿ ಚಕ್ರವ್ಯೂಹ ಅಂತ ಅರ್ಥ. ಫಲಿತಾಂಶ ಚೆನ್ನಾಗಿತ್ತು, ಆದರೆ ಎದೆ ಸೀಳಿ ಹಾರ್ಟ್-ಲಂಗ್ ಮಷೀನಿಗೆ ಹಾಕಿ ಮಾಡುವ ದೊಡ್ಡ ಆಪರೇಷನ್. ಬಡಿತದ ತೊಂದರೆಗೆ ಅಂತಲೇ ಎಷ್ಟು ಜನ ಒಪ್ಪುತ್ತಾರೆ ಹೇಳಿ. ಹಾಗಾಗಿ 2000ದ ನಂತರ ಪಕ್ಕೆಲುಬುಗಳ ನಡುವೆ ಕ್ಯಾಮೆರಾ ಹಾಕಿ, ಬಡಿಯುತ್ತಿರುವ ಹೃದಯದ ಹೊರಗಿನಿಂದಲೇ ಆ ನಾಳಗಳನ್ನು ಇಕ್ಕಳದಂಥ ಸಾಧನದಲ್ಲಿ ಹಿಡಿದು ಸುಡುವ ವಿಧಾನ ಬಂತು. ಮಿನಿ ಮೇಜ್ ಅನ್ನುವುದು ಅದಕ್ಕೆ. ನಿಜ ಹೇಳಬೇಕೆಂದರೆ ಕಾಕ್ಸ್ ಎಳೆದ ಎಲ್ಲಾ ಗೆರೆಗಳು ಇದರಲ್ಲಿ ಬರುವುದಿಲ್ಲ, ಹೆಸರು ಮಾತ್ರ ಉಳಿದಿದೆ.

ಮೂರನೆಯದು ಹೈಬ್ರಿಡ್. ಎದೆಮೂಳೆಯ ಕೆಳಗೆ ಸಣ್ಣ ಕೊಯ್ತ, ಅಲ್ಲಿಂದ ಸರ್ಜನ್ ಹೃದಯದ ಹಿಂಗೋಡೆಯನ್ನು ಹೊರಗಿನಿಂದ ಸುಡುತ್ತಾರೆ. ಆಮೇಲೆ ಒಳಗಿನಿಂದ ಕ್ಯಾಥೆಟರ್ ಕೆಲಸ. ಕನ್ವರ್ಜೆಂಟ್ ಅನ್ನುತ್ತಾರೆ. ಅದರ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಅನುಮತಿ ಕೊಟ್ಟಿತು.

ಯಾವುದು ಒಳ್ಳೆಯದು? 2012ರ ಫಾಸ್ಟ್ ಅನ್ನುವ ಅಧ್ಯಯನದಲ್ಲಿ, ನೆದರ್ಲೆಂಡ್ಸ್ ಮತ್ತು ಸ್ಪೇನ್‌ನಲ್ಲಿ ಮಾಡಿದ್ದು, ಒಂದು ವರ್ಷ ಆದ ಮೇಲೆ ಸರಿಯಾಗಿದ್ದವರು ಸರ್ಜರಿಯಲ್ಲಿ ಹತ್ತಿರ ಹತ್ತಿರ 66%, ಕ್ಯಾಥೆಟರ್‌ನಲ್ಲಿ 37%. ಇಷ್ಟು ನೋಡಿದರೆ ಸರ್ಜರಿಯೇ ಗೆದ್ದಿತು ಅಲ್ವಾ? ಆದರೆ ತೊಂದರೆಗಳೂ ಸರ್ಜರಿಯಲ್ಲಿ 34%, ಕ್ಯಾಥೆಟರ್‌ನಲ್ಲಿ 16%. ಮತ್ತೆ 2020ರಲ್ಲಿ ಇಂಗ್ಲೆಂಡ್‌ನ ಕಾಸಾ-ಎಎಫ್ ಅನ್ನುವ ಅಧ್ಯಯನ ಬಂತು. ಒಂದು ವರ್ಷಕ್ಕಿಂತ ಜಾಸ್ತಿ ಕಾಲ ಬಿಡದೆ ಎಎಫ್ ಇದ್ದವರನ್ನೇ ಅದರಲ್ಲಿ ತೆಗೆದುಕೊಂಡಿದ್ದರು. ಒಂದೇ ಸಲದ ಚಿಕಿತ್ಸೆಯಲ್ಲಿ, ಮಾತ್ರೆ ಇಲ್ಲದೆ, ಪೂರ್ತಿ ಸರಿಯಾಗಿ ಉಳಿದವರು ಸರ್ಜರಿಯಲ್ಲಿ 26%, ಕ್ಯಾಥೆಟರ್‌ನಲ್ಲಿ 28%. ಅಂದರೆ ಹಳೆಯದಾದಷ್ಟೂ ಎರಡೂ ಕಷ್ಟ.

ನಮ್ಮ ಕಡೆ ಮೇಜ್ ಮಾಡುವುದು ಹೆಚ್ಚಾಗಿ ವಾಲ್ವ್ ಆಪರೇಷನ್ ಜೊತೆಗೆ. ಬರೀ ಎಎಫ್‌ಗೆ ಅಂತ ಎದೆಯ ಪಕ್ಕದಿಂದ ಮಾಡುವ ಸರ್ಜನ್‌ಗಳು ಕಡಿಮೆ. ಕಡಿಮೆ ಮಾಡುವವರ ಕೈಯಲ್ಲಿ ಮಾಡಿಸಬೇಕಾ ಅನ್ನುವುದೂ ಒಂದು ಪ್ರಶ್ನೆ. ನೀವು ಮೊದಲು ಹೋಗಬೇಕಿರುವುದು ಸರ್ಜನ್ ಹತ್ತಿರ ಅಲ್ಲ, ಎಲೆಕ್ಟ್ರೋಫಿಸಿಯಾಲಜಿಸ್ಟ್, ಅಂದರೆ ಹೃದಯದ ಕರೆಂಟಿನ ತೊಂದರೆ ನೋಡುವ ಡಾಕ್ಟರ್ ಹತ್ತಿರ. ಎಲ್ಲರೂ ಇಪಿ ಡಾಕ್ಟರ್ ಅನ್ನುತ್ತಾರೆ. ಸರ್ಕಾರಿ ವ್ಯವಸ್ಥೆಯಲ್ಲಿ ಬೆಂಗಳೂರಿನ ಜಯದೇವದಲ್ಲಿ ಇಪಿ ವಿಭಾಗ ಇದೆ. ನಿಮಗೆ ಹತ್ತಿರ ಅಂದರೆ ಮಣಿಪಾಲ, ಮಂಗಳೂರು, ಅಲ್ಲೂ ಕೇಳಿ.

ನೀವು ಬರೆಯದೆ ಬಿಟ್ಟಿದ್ದು ಕೆಲವಿದೆ. ಬಡಿತ ಈಗ ಸದಾ ಹಾಗೇ ಇದೆಯಾ, ಬಂದು ಹೋಗುತ್ತದಾ? ತೂಕ ಎಷ್ಟು? ಗೊರಕೆ ಇದೆಯಾ?

ಮಂಜು_ದಾವಣಗೆರೆ

ಅಣ್ಣ ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳಬೇಡಿ. ನನಗೆ ಎದೆಬಡಿತ ಇದ್ದಕ್ಕಿದ್ದಂತೆ 180, 190 ಹೋಗುತ್ತಿತ್ತು, ಐಸ್ ನೀರು ಮುಖಕ್ಕೆ ಹಾಕಿದರೆ ಒಮ್ಮೊಮ್ಮೆ ನಿಲ್ಲುತ್ತಿತ್ತು. ಅಬ್ಲೇಶನ್ ಮಾಡಿದರು, ಮರುದಿನ ಮನೆಗೆ ಬಂದೆ, ಇವತ್ತಿಗೂ ಒಂದು ಮಾತ್ರೆ ಇಲ್ಲ. ನಿಮ್ಮಪ್ಪನಿಗೂ ಅದನ್ನೇ ಮಾಡಿಸಿ, ನೂರಕ್ಕೆ ನೂರು ಗುಣ.

ಕ್ಯಾಥ್‌ಲ್ಯಾಬ್_ಕಿಟ್ಟಿ

ಮಂಜು ಅವರೇ, ನಿಮಗೆ ಗುಣ ಆಗಿದ್ದು ಸಂತೋಷ. ಆದರೆ ನೀವು ಹೇಳುತ್ತಿರುವುದು ಪಿಎಸ್‌ವಿಟಿ ಇದ್ದ ಹಾಗಿದೆ, ಬಡಿತ ಇದ್ದಕ್ಕಿದ್ದಂತೆ ಓಡಿ ಇದ್ದಕ್ಕಿದ್ದಂತೆ ನಿಲ್ಲುವ ಬೇರೆಯೇ ತೊಂದರೆ ಅದು. ಐಸ್ ನೀರಿಗೆ ಟಕ್ ಅಂತ ನಿಂತಿದ್ದೇ ಅದರ ಗುರುತು. ಅಲ್ಲಿ ಒಂದು ಹೆಚ್ಚುವರಿ ದಾರಿ ಇರುತ್ತದೆ, ಆ ಒಂದು ಜಾಗ ಸುಟ್ಟರೆ ಮುಗಿಯಿತು, ನೂರರಲ್ಲಿ 95ಕ್ಕಿಂತ ಜಾಸ್ತಿ ಜನಕ್ಕೆ ಮತ್ತೆ ಬರುವುದಿಲ್ಲ. ಎಎಫ್‌ನಲ್ಲಿ ಕೋಣೆಯ ಗೋಡೆಯೇ ಕೆಟ್ಟಿರುತ್ತದೆ, ಸುಡಬೇಕಾದ ಜಾಗ ದೊಡ್ಡದು, ಎರಡನೇ ಸಲ ಮಾಡಬೇಕಾಗಿ ಬರುವುದು ಅಪರೂಪ ಅಲ್ಲ. ಎರಡಕ್ಕೂ ಅಬ್ಲೇಶನ್ ಅಂತಲೇ ಹೆಸರು, ಬಿಲ್ಲಿನಲ್ಲೂ ಫಲಿತಾಂಶದಲ್ಲೂ ಅಜಗಜಾಂತರ. ಇದನ್ನು ಕೇಳಿ ಆಸೆ ಇಟ್ಟುಕೊಂಡು ಬಂದು ಬೇಜಾರಾಗುವವರು ಲ್ಯಾಬಿನಲ್ಲಿ ಸಿಗುತ್ತಾರೆ, ಅದಕ್ಕೆ ಹೇಳಿದೆ.

ಇಂಗ್ಲೆಂಡಿನಿಂದ_ಸುಮಾ

ನನ್ನ ಯಜಮಾನರಿಗೆ ಇಲ್ಲಿ ಆ ಎದೆಯ ಪಕ್ಕದ ಆಪರೇಷನ್ ಆಗಿದೆ. ಕ್ಯಾಥೆಟರ್ ಅಬ್ಲೇಶನ್ ಆದ ಮೇಲೂ ಎಎಫ್ ಮತ್ತೆ ಬಂದಿತ್ತು, ಅದಕ್ಕೇ ಸರ್ಜನ್ ಹತ್ತಿರ ಕಳಿಸಿದರು. ಮೊದಲನೇ ಆಯ್ಕೆಯಾಗಿ ಇಲ್ಲೂ ಯಾರೂ ಅದನ್ನು ಹೇಳಲಿಲ್ಲ.

"ಸಣ್ಣ ತೂತು" ಅಂದರೆ ಸಣ್ಣ ಆಪರೇಷನ್ ಅಂತ ನಿಮ್ಮ ತಂದೆಯವರು ಅಂದುಕೊಂಡಿದ್ದರೆ ದಯವಿಟ್ಟು ಕೂರಿಸಿ ಹೇಳಿ. ಒಂದು ಪಕ್ಕಕ್ಕೆ ಮೂರು ತೂತು, ಇನ್ನೊಂದು ಪಕ್ಕಕ್ಕೂ ಅಷ್ಟೇ. ಹೃದಯ ಕಾಣಬೇಕಾದರೆ ಶ್ವಾಸಕೋಶ ಅಡ್ಡ ಇರುತ್ತದಲ್ಲ, ಹಾಗಾಗಿ ಆ ಕಡೆಯ ಶ್ವಾಸಕೋಶದ ಗಾಳಿ ತೆಗೆದು ಮಡಚಿಟ್ಟು, ಇನ್ನೊಂದರಲ್ಲೇ ಉಸಿರಾಡಿಸಿ ಕೆಲಸ ಮಾಡುತ್ತಾರೆ, ಆಮೇಲೆ ಅದನ್ನು ಊದಿಸಿ ಈ ಕಡೆಗೆ ಬರುತ್ತಾರೆ. ಅದಕ್ಕೇ ಮುಂಚೆ ಶ್ವಾಸಕೋಶದ ಪರೀಕ್ಷೆ ಎಲ್ಲಾ ಇರುತ್ತದೆ. ಬೀಡಿ ಸಿಗರೇಟಿನ ಇತಿಹಾಸ ಇದ್ದರೆ ಆಗಲೇ ತಲೆ ಅಲ್ಲಾಡಿಸುತ್ತಾರೆ. ಎದ್ದಾಗ ಎರಡೂ ಪಕ್ಕದಲ್ಲಿ ಟ್ಯೂಬ್ ಇತ್ತು. ನೋವು ತೂತಿನದಲ್ಲ, ಪಕ್ಕೆಲುಬಿನ ನಡುವಿನ ನರದ್ದು, ಮಗ್ಗುಲಾಗಿ ಮಲಗಲು ಆಗುತ್ತಿರಲಿಲ್ಲ. ಕೆಮ್ಮು ಬಂದರೆ ದಿಂಬು ಒತ್ತಿ ಹಿಡಿದುಕೊಂಡು ಕೆಮ್ಮುತ್ತಿದ್ದರು. ಕಾರು ಓಡಿಸಲು, ತೂಕ ಎತ್ತಲು ವಾರಗಟ್ಟಲೆ ಬಿಡಲಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಅದೇ ಆಪರೇಷನ್‌ನಲ್ಲಿ ಎಡಗಡೆ ಮೇಲಿನ ಕೋಣೆಯ ಮೂಲೆಯಲ್ಲಿ ಕಿವಿಯಂಥ ಚೀಲ ಇರುತ್ತದೆ, ಅದರ ಬುಡಕ್ಕೆ ಕ್ಲಿಪ್ ಹಾಕಿ ಮುಚ್ಚಿದರು. ಎಎಫ್ ಇದ್ದವರಿಗೆ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಆ ಚೀಲದಲ್ಲೇ. ಬಡಿತ ಈಗ ಸರಿಯಾಗಿದೆ, ನಾಯಿ ಕರೆದುಕೊಂಡು ದಿಬ್ಬ ಹತ್ತುತ್ತಾರೆ.

ಇಷ್ಟೆಲ್ಲಾ ಆದರೂ ಅಪಿಕ್ಸಾಬಾನ್ ಮುಂದುವರಿದಿದೆ! ಬಡಿತ ಸರಿ, ಕ್ಲಿಪ್ ಇದೆ, ಆದರೂ ಮಾತ್ರೆ. ಇವರಿಗೂ ನಿಮ್ಮ ತಂದೆಯ ಹಾಗೇ ಅದೇ ಆಸೆ ಇತ್ತು. ಡಾಕ್ಟರ್ ಹೇಳಿದ್ದು, ಬಿಪಿ ಮತ್ತು ವಯಸ್ಸು ಎಲ್ಲಿಗೂ ಹೋಗಿಲ್ಲವಲ್ಲ ಅಂತ. ಹಾಗಾಗಿ ಮಾತ್ರೆ ಬಿಡಿಸಲು ಅಂತಲೇ ಎದೆಗೆ ತೂತು ಹಾಕಿಸಬೇಡಿ. ಉಸಿರು ಕಟ್ಟುತ್ತದೆ, ಕೆಲಸ ಮಾಡಲಾಗುತ್ತಿಲ್ಲ ಅನ್ನುವುದಕ್ಕೆ ಮಾಡಿಸಿದರೆ ಅದು ಬೇರೆ.

ಪ್ರಕೃತಿ_ಜೀವನ

ಹೊಳೆಮತ್ತಿ ತೊಗಟೆ ಕಷಾಯ ಬೆಳಿಗ್ಗೆ ಸಂಜೆ ಕುಡಿಸಿ. ಹೃದಯಕ್ಕೆ ಇದಕ್ಕಿಂತ ಬೇಕಾ? ನಮ್ಮ ಅಜ್ಜಿ ಕಾಲದಿಂದ ಇದೆ. ಬೆಳ್ಳುಳ್ಳಿಯೂ ಜಾಸ್ತಿ ಕೊಡಿ, ರಕ್ತ ತಾನೇ ತೆಳುವಾಗುತ್ತೆ, ಇಂಗ್ಲಿಷ್ ಮಾತ್ರೆ ಬಿಟ್ಟುಬಿಡಬಹುದು.

ಕ್ಯಾಥ್‌ಲ್ಯಾಬ್_ಕಿಟ್ಟಿ

ಕಷಾಯದ ವಿಷಯ ನಾನು ವಾದ ಮಾಡುವುದಿಲ್ಲ, ಕುಡಿಯುವುದಾದರೆ ಡಾಕ್ಟರಿಗೆ ಹೇಳಿ ಕುಡಿಯಿರಿ. ಆದರೆ "ಮಾತ್ರೆ ಬಿಟ್ಟುಬಿಡಬಹುದು" ಅನ್ನುವ ಮಾತು ಇಲ್ಲಿ ಯಾರೂ ಹೇಳಬಾರದು. ಎಎಫ್ ಇದ್ದವರಿಗೆ ಸ್ಟ್ರೋಕ್ ಆಗುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಐದು ಪಟ್ಟು. ಅಪಿಕ್ಸಾಬಾನ್ ದಿನಕ್ಕೆ ಎರಡು ಸಲ ತೆಗೆದುಕೊಳ್ಳುವುದು ಸುಮ್ನೆ ಅಲ್ಲ, ಅದರ ಶಕ್ತಿ ಬೇಗ ಇಳಿಯುತ್ತದೆ. ಒಂದೆರಡು ದಿನ ಬಿಟ್ಟರೆ ರಕ್ಷಣೆ ಹೋಯಿತು ಅಂತಲೇ ಲೆಕ್ಕ. ಬೆಳ್ಳುಳ್ಳಿ ಸಾರಿನಲ್ಲಿ ಹಾಕಿ, ಔಷಧಿಯ ಹಾಗೆ ಮುಷ್ಟಿಗಟ್ಟಲೆ ಬೇಡ. ತೆಳು ಮಾಡುವ ಮಾತ್ರೆಯ ಜೊತೆ ಅದು ರಕ್ತಸ್ರಾವ ಜಾಸ್ತಿ ಮಾಡಬಹುದು. ಕಾಲುನೋವು, ಸೊಂಟನೋವು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೋವಿನ ಮಾತ್ರೆ ಇನ್ನೂ ಅಪಾಯ. ತೋಟದ ಕೆಲಸದವರು ಡೈಕ್ಲೋಫಿನಾಕ್ ತೆಗೆದುಕೊಳ್ಳುವುದು ಎಷ್ಟು ಮಾಮೂಲಿ ಅಂತ ನಿಮಗೇ ಗೊತ್ತು. ಅಪ್ಪನಿಗೆ ಅದನ್ನು ಮೊದಲು ಹೇಳಿ.

ಹುಬ್ಬಳ್ಳಿ_ರೇಖಾ

ನಮ್ಮ ಅವ್ವನಿಗೂ ಎಎಫ್ ಇತ್ತು ರೀ, ಆದರೆ ಕಾರಣ ಬೇರೆ. ಸಣ್ಣವಳಿದ್ದಾಗ ಕೀಲು ನೋವು ಜ್ವರ ಬಂದು ವಾಲ್ವ್ ಬಿಗಿಯಾಗಿತ್ತು, ರುಮ್ಯಾಟಿಕ್ ಅಂತಾರಲ್ಲ ಅದು. ನಮ್ಮ ದೇಶದಲ್ಲಿ ಈ ಕಾರಣದ ಎಎಫ್ ಕೂಡ ಬಹಳ. ವಾಲ್ವ್ ಬದಲಿಸುವಾಗಲೇ ಮೇಜ್ ಕೂಡ ಮಾಡಿದರು, ಎದೆ ತೆರೆದೇ. ನಿಮ್ಮ ತಂದೆಯವರ ವಾಲ್ವ್ ಸರಿ ಇದೆ ಅಂದರೆ ನಮ್ಮ ಕಥೆ ನಿಮಗೆ ಹೊಂದುವುದಿಲ್ಲ, ಆದರೂ ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ವಾಲ್ವ್ ಬಿಗಿಯಾಗಿರುವ ರುಮ್ಯಾಟಿಕ್ ಎಎಫ್ ಇದ್ದರೆ ಅಪಿಕ್ಸಾಬಾನ್, ರಿವರಾಕ್ಸಾಬಾನ್ ತರಹದ ಹೊಸ ಮಾತ್ರೆಗೆ ನೀವೇ ಬದಲಾಯಿಸಿಕೊಳ್ಳಬೇಡಿ. 2022ರಲ್ಲಿ ಬಂದ ಇನ್ವಿಕ್ಟಸ್ ಅಧ್ಯಯನದಲ್ಲಿ ಹಳೇ ವಾರ್ಫರಿನ್ ಜಾತಿಯದೇ ಮೇಲು ಅಂತ ಗೊತ್ತಾಯಿತು. ಅವ್ವ ಅದೇ ಜಾತಿಯ ಅಸಿಟ್ರೋಮ್ ಮಾತ್ರೆ ಮೇಲೆ ಇದ್ದಾಳೆ. ತಿಂಗಳಿಗೊಮ್ಮೆ ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಐಎನ್‌ಆರ್ ಮಾಡಿಸುತ್ತೇವೆ, ಮೆಂತ್ಯೆ ಪಲ್ಲೆ, ಪಾಲಕ್ ಒಂದು ವಾರ ಬಹಳ, ಒಂದು ವಾರ ಇಲ್ಲ ಅಂತ ಮಾಡದೆ ಒಂದೇ ಅಳತೆಯಲ್ಲಿ ತಿನ್ನುತ್ತಾಳೆ.

ಖರ್ಚಿನ ಬಗ್ಗೆ ಕೇಳಿದ್ದೀರಿ. ನಾವು ಎಸ್ಟಿಮೇಟ್ ತಗೊಂಡ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಾಯಲ್ಲಿ ಹೇಳಿದ್ದು ಒಂದು, ಕಾಗದದಲ್ಲಿ ಕೊಟ್ಟಿದ್ದು ಒಂದು. ಸಾಮಾನಿನ ಬೆಲೆಯನ್ನು ಪ್ಯಾಕೇಜಿನ ಹೊರಗೆ ಇಟ್ಟಿದ್ದರು. ಅಬ್ಲೇಶನ್‌ನಲ್ಲೂ ಹಾಗೇ ಅಂತ ಕೇಳಿದ್ದೇನೆ, ಹೃದಯದೊಳಗಿನ ಕರೆಂಟಿನ ನಕ್ಷೆ ತೆಗೆಯುವ ಮ್ಯಾಪಿಂಗ್ ಕ್ಯಾಥೆಟರೇ ದೊಡ್ಡ ಭಾಗ. ಅದಕ್ಕೆ ಕೇಳುವಾಗಲೇ "ಕ್ಯಾಥೆಟರ್, ಮ್ಯಾಪಿಂಗ್ ಎಲ್ಲಾ ಸೇರಿ ಎಷ್ಟು, ಬರೆದು ಕೊಡಿ" ಅನ್ನಿ. ಖಾಸಗಿಯಲ್ಲಿ ಕೆಲವು ಲಕ್ಷದ ಮಾತು ಅಂತ ಇಟ್ಟುಕೊಳ್ಳಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30% ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ಅಡಿಕೆ ಬೆಳೆಗಾರರು ಅಂದರೆ ಯಾವುದಾದರೂ ಸೊಸೈಟಿ ಸದಸ್ಯರಿರುತ್ತೀರಿ, ಯಶಸ್ವಿನಿ ಕಂತು ಕಟ್ಟಿದ್ದೀರಾ ನೋಡಿ. ನೋಂದಣಿಗೆ ಕೊನೇ ದಿನ ಇರುತ್ತದೆ, ಕಾಯಿಲೆ ಬಂದ ಮೇಲೆ ಹೋಗಿ ಕಟ್ಟುತ್ತೇನೆ ಅಂದರೆ ಆಗುವುದಿಲ್ಲ. ಯಾವ ಸ್ಕೀಮ್ ಆದರೂ ಆಸ್ಪತ್ರೆಯ ಕೌಂಟರಿನಲ್ಲಿ "ಹೃದಯದ ಆಪರೇಷನ್ ಬರುತ್ತಾ" ಅಂತ ಕೇಳಬೇಡಿ, ಹೌದು ಅಂದುಬಿಡುತ್ತಾರೆ. "ಎಎಫ್ ಅಬ್ಲೇಶನ್, ತ್ರೀಡಿ ಮ್ಯಾಪಿಂಗ್ ಜೊತೆ, ಈ ಆಸ್ಪತ್ರೆಯಲ್ಲಿ ಬರುತ್ತಾ" ಅಂತ ಕೇಳಿ.

ಸಾಗರದ_ತೋಟ

ಎಲ್ಲರಿಗೂ ಧನ್ಯವಾದ. ಸುಮಕ್ಕ, ನೀವು ಬರೆದಿದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಶ್ವಾಸಕೋಶ ಮಡಚಿಡುತ್ತಾರೆ ಅನ್ನುವಲ್ಲಿ ಸುಮ್ಮನಾದರು. ಆಮೇಲೆ "ಹಂಗಾರೆ ತೊಡೆಯದ್ದೇ ಕೇಳು" ಅಂದರು.

ಕಿಟ್ಟಿ ಸಾರ್, ನೀವು ಕೇಳಿದ್ದಕ್ಕೆ. ಬಡಿತ ಈಗ ಸದಾ ಹಾಗೇ ಇದೆ, ಶಾಕ್ ಕೊಟ್ಟ ಮೇಲೆ ತಿರುಗಿ ಬಂದಾಗಿನಿಂದ ಬಿಟ್ಟೇ ಇಲ್ಲ. ಅದಕ್ಕೆ ಇನ್ನೂ ವರ್ಷ ಆಗಿಲ್ಲ. ತೂಕ 86 ಕೆಜಿ, ಎತ್ತರ ಐದಡಿ ಐದು. ಗೊರಕೆ ಅಂದರೆ ಜಗುಲಿಯಲ್ಲಿ ಮಲಗಿದರೆ ಕೊಟ್ಟಿಗೆಗೆ ಕೇಳುತ್ತದೆ, ನಡುವೆ ಉಸಿರು ನಿಂತ ಹಾಗಾಗಿ ಗಕ್ ಅಂತ ಎಚ್ಚರ ಆಗುತ್ತದೆ ಅಂತ ಅಮ್ಮ ಹೇಳುತ್ತಾರೆ. ಕುಡಿತ ಇಲ್ಲ. ಕವಳ ಇದೆ, ಹೊಗೆಸೊಪ್ಪಿನ ಜೊತೆ. ಅದನ್ನು ಬಿಡಿಸಿದವರಿಗೆ ನಮ್ಮನೆಯಲ್ಲಿ ಸನ್ಮಾನ ಮಾಡುತ್ತೇವೆ.

ಮಾತ್ರೆ ನಿಲ್ಲುವುದೇ ಇಲ್ಲ ಅಂತಾದರೆ ಅಬ್ಲೇಶನ್ ಮಾಡಿಸಿ ಪ್ರಯೋಜನ ಏನು ಅಂತ ಅಪ್ಪನ ಪ್ರಶ್ನೆ. ನನಗೂ ಉತ್ತರ ಗೊತ್ತಾಗಲಿಲ್ಲ. ಆ ಚೀಲವನ್ನು ತೊಡೆಯ ಮೂಲಕವೇ ಮುಚ್ಚುವ ಸಾಧನ ಇದೆಯಂತೆ, ಅದು ಆಗುತ್ತದಾ?

ಕ್ಯಾಥ್‌ಲ್ಯಾಬ್_ಕಿಟ್ಟಿ

ವರ್ಷ ಆಗಿಲ್ಲ ಅನ್ನುವುದು ಒಳ್ಳೆಯ ಸುದ್ದಿ. ತಡ ಮಾಡಬೇಡಿ. 47 ಮಿಲಿಮೀಟರ್ ದೊಡ್ಡದೇ, ಆದರೆ ಅಬ್ಲೇಶನ್ ಬೇಡ ಅನ್ನುವಷ್ಟಲ್ಲ. ಶಾಕ್ ಕೊಟ್ಟು ಬಡಿತ ಸರಿ ಇದ್ದ ವಾರಗಳಲ್ಲಿ ಗುಡ್ಡ ಸಲೀಸಾಗಿ ಹತ್ತಿದರು ಅಂದಿರಲ್ಲ, ಅದನ್ನು ಇಪಿ ಡಾಕ್ಟರಿಗೆ ಖಂಡಿತ ಹೇಳಿ. ಬಡಿತ ಸರಿಯಾದರೆ ಆ ಮನುಷ್ಯನಿಗೆ ನಿಜವಾಗಿ ಸುಖ ಆಗುತ್ತದಾ ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅಪ್ಪನ ಪ್ರಶ್ನೆಗೂ ಅದೇ ಉತ್ತರ: ಪ್ರಯೋಜನ ಗುಡ್ಡ ಹತ್ತುವುದರಲ್ಲಿ ಇದೆ.

ಮಾತ್ರೆಯ ಲೆಕ್ಕ ಬೇರೆ. ಸ್ಟ್ರೋಕಿನ ಅಪಾಯ ಅಳೆಯಲು ಚಾಡ್ಸ್-ವಾಸ್ಕ್ ಅಂತ ಅಂಕ ಹಾಕುತ್ತಾರೆ. 65 ದಾಟಿದ್ದಕ್ಕೆ 1, ಬಿಪಿಗೆ 1, ಒಟ್ಟು 2. 75 ಆದಾಗ ವಯಸ್ಸಿಗೇ 2 ಆಗುತ್ತದೆ. ಅಬ್ಲೇಶನ್ ಆದ ಮೇಲೆ ಕನಿಷ್ಠ ಎರಡು ಮೂರು ತಿಂಗಳು ಎಲ್ಲರಿಗೂ ಮಾತ್ರೆ ಇರುತ್ತದೆ, ಆಮೇಲೆ ಬಡಿತ ನೋಡಿ ಅಲ್ಲ, ಈ ಅಂಕ ನೋಡಿ ನಿರ್ಧಾರ. ಈ ನಿಯಮ ಸ್ವಲ್ಪ ಸಡಿಲ ಆಗಬಹುದು ಅನ್ನುವ ಚರ್ಚೆ ಈಗ ಶುರುವಾಗಿದೆ. 2025ರಲ್ಲಿ ಕೊರಿಯಾದ ಒಂದು ಅಧ್ಯಯನ ಬಂತು. ಅಬ್ಲೇಶನ್ ಆಗಿ ಒಂದು ವರ್ಷ ಏನೂ ತಿರುಗಿ ಬರದವರಲ್ಲಿ ಮಾತ್ರೆ ನಿಲ್ಲಿಸಿದವರೇ ಮುಂದುವರಿಸಿದವರಿಗಿಂತ ಚೆನ್ನಾಗಿದ್ದರು, ರಕ್ತಸ್ರಾವ ಕಡಿಮೆಯಾಯಿತು ಅಂತ. ಹಾಗಾಗಿ "ಯಾವತ್ತೂ ನಿಲ್ಲುವುದಿಲ್ಲ" ಅಂತ ನಾನು ಹೇಳುವುದಿಲ್ಲ. ಆದರೆ ಅದು ವರ್ಷದ ನಂತರದ ಮಾತು, ಡಾಕ್ಟರ್ ತೆಗೆದುಕೊಳ್ಳಬೇಕಾದ ತೀರ್ಮಾನ.

ಚೀಲ ಮುಚ್ಚುವ ಸಾಧನ ಅಂದರೆ ವಾಚ್‌ಮನ್ ತರಹದ್ದು. ಅದು ಮುಖ್ಯವಾಗಿ ಮಾತ್ರೆ ತಡೆದುಕೊಳ್ಳಲಾಗದವರಿಗೆ, ಹೊಟ್ಟೆಯಲ್ಲೋ ತಲೆಯಲ್ಲೋ ರಕ್ತಸ್ರಾವ ಆದವರಿಗೆ. ಹಾಕಿದ ಮೇಲೂ ಸ್ವಲ್ಪ ಕಾಲ ಮಾತ್ರೆ ಬೇಕು. ಉಂಬಳಕ್ಕೆ ಹೆದರಿ ಅದನ್ನು ಹಾಕಿಸುವುದು ಜಾಸ್ತಿ ಆಯಿತು. ಅಂದ ಹಾಗೆ, ಉಂಬಳ ಕಚ್ಚಿದ ಜಾಗ ಮಾತ್ರೆ ಇಲ್ಲದವರಿಗೂ ಸೋರುತ್ತದೆ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟಲು ಬಿಡದ ವಸ್ತು ಇದೆ, ಜಿಗಣೆಯ ಎಂಜಲಿನ ಹಿರುಡಿನ್ ತರಹದ್ದು. ಹಿರುಡಿನ್ ನೋಡಿಯೇ ಮಾಡಿದ ಬೈವಾಲಿರುಡಿನ್ ಅನ್ನುವ ಔಷಧ ಕ್ಯಾಥ್ ಲ್ಯಾಬಿನಲ್ಲಿ ಬಳಕೆಯಲ್ಲಿದೆ! ಗಟ್ಟಿಯಾಗಿ ಒತ್ತಿ ಹಿಡಿದು ಬಟ್ಟೆ ಕಟ್ಟಿ, ತೋಟಕ್ಕೆ ಉದ್ದ ಕಾಲುಚೀಲ ಹಾಕಿ.

ನನಗೆ ಹೆಚ್ಚು ಚಿಂತೆ ಗೊರಕೆಯದ್ದು. ಉಸಿರು ನಿಂತು ಎಚ್ಚರ ಆಗುತ್ತದೆ ಅಂದರೆ ಸ್ಲೀಪ್ ಆಪ್ನಿಯಾ ಇರಬಹುದು. ಪರೀಕ್ಷೆ ಮಾಡಿಸಿ. ಅದನ್ನು ಹಾಗೇ ಬಿಟ್ಟು ಅಬ್ಲೇಶನ್ ಮಾಡಿದರೆ ಎಎಫ್ ತಿರುಗಿ ಬರುವುದು ಜಾಸ್ತಿ. ತೂಕವೂ ಹಾಗೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಮಾಡಿದ ಅಧ್ಯಯನದಲ್ಲಿ 10% ತೂಕ ಇಳಿಸಿ ಉಳಿಸಿಕೊಂಡವರಿಗೆ ಬಡಿತ ಸರಿಯಾಗಿ ಉಳಿಯುವ ಸಾಧ್ಯತೆ ಎಷ್ಟೋ ಪಟ್ಟು ಜಾಸ್ತಿ ಇತ್ತು. ಅಪ್ಪನಿಗೆ ಅದು 8, 9 ಕೆಜಿ. ಹೊಗೆಸೊಪ್ಪಿನ ಬಗ್ಗೆ ಹೇಳಬೇಕಾಗಿಲ್ಲ, ಸನ್ಮಾನಕ್ಕೆ ನಾನೂ ಬರುತ್ತೇನೆ.

ಇಪಿ ಡಾಕ್ಟರ್ ಹತ್ತಿರ ಹೋದಾಗ ಎಕೋ ರಿಪೋರ್ಟ್, ಹಳೇ ಇಸಿಜಿಗಳು, ಥೈರಾಯ್ಡ್ ರಿಪೋರ್ಟ್ ಒಯ್ಯಿರಿ. ವರ್ಷಕ್ಕೆ ಎಷ್ಟು ಎಎಫ್ ಅಬ್ಲೇಶನ್ ಮಾಡುತ್ತೀರಿ ಅಂತ ಸಂಕೋಚ ಇಲ್ಲದೆ ಕೇಳಿ. ಪಲ್ಸ್ಡ್ ಫೀಲ್ಡ್ ಅಂತ ಹೊಸದು ಬಂದಿದೆ, ಸುಡುವುದೂ ಇಲ್ಲ ಹೆಪ್ಪುಗಟ್ಟಿಸುವುದೂ ಇಲ್ಲ, ಕ್ಷಣಮಾತ್ರದ ಕರೆಂಟಿನಿಂದ ಮುಖ್ಯವಾಗಿ ಹೃದಯದ ಸ್ನಾಯುವಿನ ಜೀವಕೋಶಗಳನ್ನು ಕೊಲ್ಲುತ್ತದೆ. ಅಮೆರಿಕದಲ್ಲಿ 2023ರ ಕೊನೆಯಲ್ಲಿ ಮೊದಲ ಅನುಮತಿ ಸಿಕ್ಕಿತು. ನೀವು ಹೋಗುವ ಕಡೆ ಇದೆಯಾ, ದರದಲ್ಲಿ ವ್ಯತ್ಯಾಸ ಎಷ್ಟು ಅಂತ ಕೇಳಿ. ಮಾಡಿಸುವ ಮುಂಚೆ ಮಾತ್ರೆ ತಪ್ಪಿಸಲೇಬಾರದು, ಹೆಪ್ಪು ಇದೆಯಾ ಅಂತ ಗಂಟಲಿನಿಂದ ಎಕೋ ಮಾಡಿ ನೋಡುವುದುಂಟು, ಇದ್ದರೆ ಕೇಸ್ ಮುಂದಕ್ಕೆ ಹೋಗುತ್ತದೆ.

ಕೊನೆಕೊಯ್ಲಿನ ವಿಷಯ. ಏನೂ ತೊಂದರೆ ಆಗದಿದ್ದರೆ ಒಂದೆರಡು ದಿನದಲ್ಲಿ ಮನೆಗೆ, ತೊಡೆಸಂದು ವಾಸಿಯಾಗುವವರೆಗೆ ಒಂದು ವಾರ ಭಾರ ಎತ್ತುವುದು, ಮೆಟ್ಟಿಲು ಹತ್ತಿಳಿಯುವುದು ಕಡಿಮೆ. ಮೊದಲ ಎರಡು ಮೂರು ತಿಂಗಳು ಬಡಿತ ಮಧ್ಯೆ ಮಧ್ಯೆ ತಪ್ಪಬಹುದು. ಗಾಯ ಮಾಗುವ ಕಾಲ ಅದು, ಅಷ್ಟಕ್ಕೇ ಫೇಲ್ ಆಯಿತು ಅಂತ ತಿಳಿಯಬೇಡಿ.

ಒಂದು ಮಾತ್ರ ನೆನಪಿಟ್ಟುಕೊಳ್ಳಿ, ಬರೆದು ಗೋಡೆಗೆ ಅಂಟಿಸಿದರೂ ಸರಿ. ಅಬ್ಲೇಶನ್ ಆದ ಮೇಲಿನ ಎರಡು ತಿಂಗಳಲ್ಲಿ ಜ್ವರ ಬಂದರೆ, ನುಂಗುವಾಗ ನೋವು, ಎದೆನೋವು, ರಕ್ತವಾಂತಿ, ಮಾತು ತೊದಲುವುದು ಇಂಥದ್ದು ಏನಾದರೂ ಕಂಡರೆ ಊರಿನಲ್ಲಿ ಜ್ವರದ ಮಾತ್ರೆ ಕೊಟ್ಟು ಕಾಯಬೇಡಿ. ಹೃದಯದ ಹಿಂದೆಯೇ ಅನ್ನನಾಳ ಇದೆ. ಸುಟ್ಟ ಶಾಖ ತಾಗಿ ಎರಡರ ನಡುವೆ ತೂತಾಗುವುದುಂಟು. ಸಾವಿರಕ್ಕೆ ಒಬ್ಬರಿಗೂ ಆಗುವುದಿಲ್ಲ, ಆದರೆ ಆದವರಿಗೆ ಪ್ರಾಣಕ್ಕೇ ಕುತ್ತು. ಅಬ್ಲೇಶನ್ ಮಾಡಿದ ಆಸ್ಪತ್ರೆಗೇ ಮೊದಲು ಫೋನ್ ಮಾಡಿ. ಬೇರೆ ಕಡೆ ಹೋಗಬೇಕಾಗಿ ಬಂದರೆ ಎದೆಯ ಸಿಟಿ ಸ್ಕ್ಯಾನ್ ಕೇಳಿ, ಎಂಡೋಸ್ಕೋಪಿ ಮಾಡಲು ಹೊರಟರೆ ತಡೆಯಿರಿ, ಅದರಲ್ಲಿ ಊದುವ ಗಾಳಿ ಆ ತೂತಿನಿಂದ ಹೃದಯಕ್ಕೆ ನುಗ್ಗುತ್ತದೆ.

ಸಾಗರದ_ತೋಟ

ಬರೆದುಕೊಂಡೆ ಸಾರ್, ಎಂಡೋಸ್ಕೋಪಿ ವಿಷಯ ಯಾರೂ ಹೇಳಿರಲಿಲ್ಲ. ಜಯದೇವಕ್ಕೆ ಹೋಗುವುದು ಅಂತ ಮಾಡಿದ್ದೇವೆ, ತಾಳಗುಪ್ಪ ಟ್ರೈನಿಗೆ ಟಿಕೆಟ್ ನೋಡುತ್ತಿದ್ದೇನೆ. ಗೊರಕೆಯ ಪರೀಕ್ಷೆ ಶಿವಮೊಗ್ಗದಲ್ಲೇ ಮೊದಲು ಮಾಡಿಸುತ್ತೇನೆ. ರೇಖಾ ಮೇಡಂ, ಯಶಸ್ವಿನಿ ಕಂತು ಕಟ್ಟಿದ್ದೇವಾ ಅಂತ ಸೊಸೈಟಿಯಲ್ಲಿ ಕೇಳಿದೆ, ಅಪ್ಪನ ಹೆಸರು ಇದೆ, ಅಮ್ಮನದ್ದು ಬಿಟ್ಟುಹೋಗಿದೆ. ಅದನ್ನೂ ಸೇರಿಸಲು ಮುಂದಿನ ನೋಂದಣಿಯವರೆಗೆ ಕಾಯಬೇಕಂತೆ.